ನಿಂತ ಚಿತ್ರ, ಓಡುವ ರೈಲು: ಕನ್ನಡದ ಮನೆಗಳಲ್ಲಿ ಚಿತ್ರಪುಸ್ತಕದ ಸಹವಾಚನ ಮತ್ತು ಕ್ರಿಯಾಪದ

ಸಾರಾಂಶ

ಹಿರಿಯರೊಬ್ಬರು ಎಳೆಯ ಮಗುವಿನೊಡನೆ ಕುಳಿತು ಚಿತ್ರಪುಸ್ತಕ ನೋಡುವ ಕ್ರಿಯೆಯನ್ನು ಭಾಷಾರ್ಜನೆಯ ಅಧ್ಯಯನಗಳು ಬಹುಮಟ್ಟಿಗೆ ವಸ್ತುಗಳನ್ನು ಹೆಸರಿಸುವ ಆಟವೆಂದು ಪರಿಗಣಿಸಿವೆ. ಈ ನೋಟವು ಇಂಗ್ಲಿಷ್ ಮನೆಗಳ ಅಧ್ಯಯನದಿಂದ ರೂಪುಗೊಂಡುದು. ಕನ್ನಡದಲ್ಲಿ ಹೆಸರಿಸುವ ವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲ. ಘಟನೆಯನ್ನು ಹೇಳುವ ವಾಕ್ಯಕ್ಕೆ ನಾಮಪದ ಬೇಕಿಲ್ಲ. ಆದುದರಿಂದ ಸಹವಾಚನವನ್ನು ಹೆಸರಿಸುವಿಕೆಯಿಂದ ಅಳೆದರೆ ಕನ್ನಡ ವ್ಯಾಕರಣದ ಬಹುಮುಖ್ಯ ಭಾಗವೇ ಅಳತೆಯಿಂದ ಹೊರಗುಳಿಯುತ್ತದೆ. ರೈಲಿನ ಚಿತ್ರಪುಸ್ತಕವನ್ನು ನಿದರ್ಶನವಾಗಿ ಇಟ್ಟುಕೊಂಡು, ನ್ಯೂನಕ್ರಿಯೆಗಳ ಸರಣಿ, ಪ್ರೇರಣಾರ್ಥಕ, ಅನುಕರಣ ಶಬ್ದ, ಲಿಂಗಾನ್ವಯ ಹಾಗೂ ಬರಹ–ಆಡುಮಾತುಗಳ ಅಂತರ ಎಂಬ ಐದು ನೆಲೆಗಳಲ್ಲಿ ಈ ಮಾತನ್ನು ವಿವರಿಸುತ್ತೇವೆ.

ಕೀಲಿಪದಗಳು: ಸಹವಾಚನ, ಚಿತ್ರಪುಸ್ತಕ, ಭಾಷಾರ್ಜನೆ, ಕ್ರಿಯಾಪದ, ಪ್ರೇರಣಾರ್ಥಕ, ಅನುಕರಣ ಶಬ್ದ

1. ಪೀಠಿಕೆ

ಡೊನಾಲ್ಡ್ ಕ್ರೂಸ್ ಅವರು 1978ರಲ್ಲಿ ಪ್ರಕಟಿಸಿದ ‘ಫ್ರೈಟ್ ಟ್ರೇನ್’ ಎಂಬ ಚಿತ್ರಪುಸ್ತಕದ ಮೊದಲ ಭಾಗದಲ್ಲಿ ಸರಕು ರೈಲೊಂದರ ಡಬ್ಬಿಗಳು ಒಂದೊಂದಾಗಿ, ಒಂದೊಂದು ಬಣ್ಣದಲ್ಲಿ ಕಾಣಿಸಿಕೊಳ್ಳುತ್ತವೆ. ಅನಂತರ ರೈಲು ಓಡತೊಡಗುತ್ತದೆ; ಬಣ್ಣಗಳು ಒಂದರೊಳಗೊಂದು ಹರಡಿ ಮಸುಕಾಗುತ್ತವೆ. ಕೊನೆಯಲ್ಲಿ ರೈಲೇ ಇಲ್ಲ, ಹೊಗೆಯ ಎಳೆ ಮಾತ್ರ ಉಳಿದಿದೆ. 1979ರಲ್ಲಿ ಕಾಲ್ಡೆಕಾಟ್ ಗೌರವ ಪಡೆದ ಈ ಪುಸ್ತಕದಲ್ಲಿ ಪದಗಳು ಅತಿ ವಿರಳ.

ಈ ಪುಸ್ತಕವನ್ನು ಎರಡು ವರ್ಷದ ಕನ್ನಡ ಮಗುವಿನ ಮುಂದೆ ತೆರೆದರೆ ಮೊದಲ ಪುಟಗಳಲ್ಲಿ ‘ಏನಿದು?’ ಎಂದು ಕೇಳುವುದು ಸುಲಭ. ಕೆಂಪು ಡಬ್ಬಿ, ಹಸಿರು ಡಬ್ಬಿ, ಕಪ್ಪು ಇಂಜಿನ್ ಎಂಬ ಉತ್ತರಗಳೂ ಸಿದ್ಧವಾಗಿರುತ್ತವೆ. ಕೊನೆಯ ಪುಟಕ್ಕೆ ಬಂದಾಗ ಆ ಪ್ರಶ್ನೆ ನಿಂತುಹೋಗುತ್ತದೆ. ಅಲ್ಲಿ ಹೆಸರಿಸಲು ರೈಲಿಲ್ಲ. ಅಲ್ಲಿ ಹೇಳಬಹುದಾದ ಅತ್ಯಂತ ಸಹಜವಾದ ಮಾತು ‘ಹೋಯ್ತು!’ ಎಂಬುದು. ಒಂದೇ ಪದ, ಅದೂ ಕ್ರಿಯಾಪದ; ಆದರೂ ಅದು ಪೂರ್ಣವಾಕ್ಯ. ಮೊದಲ ಪುಟದ ‘ಏನಿದು?’ ಮತ್ತು ಕೊನೆಯ ಪುಟದ ‘ಹೋಯ್ತು’ ಇವೆರಡರ ನಡುವಣ ಅಂತರವೇ ಪ್ರಸ್ತುತ ಲೇಖನದ ವಿಷಯ.

ಮುಂದೆ ಬರುವ ಕನ್ನಡ ಉದಾಹರಣೆಗಳು ಧ್ವನಿಮುದ್ರಿತ ಸಾಮಗ್ರಿಯಿಂದ ಆಯ್ದವುಗಳಲ್ಲ. ವಾದದ ಸ್ಪಷ್ಟತೆಗಾಗಿ ನಾವು ರಚಿಸಿಕೊಂಡವು. ಬೇರೆ ಪ್ರದೇಶವನ್ನು ಸೂಚಿಸದೆಡೆ ಆಡುಮಾತಿನ ರೂಪಗಳು ಮೈಸೂರು–ಬೆಂಗಳೂರು ಕಡೆಯವು.

2. ಹೆಸರಿಸುವ ಆಟ

ಈ ಕ್ಷೇತ್ರದ ಅಡಿಗಲ್ಲೆನ್ನಬಹುದಾದ ಅಧ್ಯಯನ ನಿನಿಯೊ ಮತ್ತು ಬ್ರೂನರ್ ಅವರದು (1978). ಒಂದು ತಾಯಿ–ಮಗುವಿನ ಜೋಡಿಯನ್ನು ದೀರ್ಘಕಾಲ ಗಮನಿಸಿದ ಅವರು, ಚಿತ್ರಪುಸ್ತಕ ನೋಡುವಾಗ ತಾಯಿಯ ಮಾತು ನಾಲ್ಕು ಬಗೆಯ ಉಕ್ತಿಗಳಲ್ಲಿ ಸುತ್ತುತ್ತದೆ ಎಂದು ತೋರಿಸಿದರು: ಗಮನ ಸೆಳೆಯುವುದು, ‘ಅದೇನು’ ಎಂದು ಕೇಳುವುದು, ಹೆಸರು ಹೇಳುವುದು, ಮಗುವಿನ ಉತ್ತರವನ್ನು ಒಪ್ಪುವುದು. ಮಗು ಇನ್ನೂ ತೊದಲುತ್ತಿರುವಾಗಲೇ ಈ ಸಂವಾದದಲ್ಲಿ ತನ್ನ ಸರದಿಯನ್ನು ತುಂಬಲು ಕಲಿಯುತ್ತದೆ ಎಂಬುದು ಅವರ ಮುಖ್ಯ ಶೋಧ. ಹತ್ತು ವರ್ಷಗಳ ಅನಂತರ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು (1988) ರೂಪಿಸಿದ ಸಂವಾದಾತ್ಮಕ ವಾಚನದ ಕ್ರಮವು ತೆರೆದ ಪ್ರಶ್ನೆಗಳನ್ನೂ ಮಗುವಿನ ಉತ್ತರದ ವಿಸ್ತರಣೆಯನ್ನೂ ಸೇರಿಸಿಕೊಂಡಿತು. ಹಾಗಿದ್ದರೂ ಪಾಲಕರಿಗೆ ನೀಡುವ ಸರಳ ಸಲಹೆಗಳಲ್ಲಿ ಮೊದಲು ಉಳಿಯುವುದು ‘ಚಿತ್ರ ತೋರಿಸಿ, ಹೆಸರು ಕೇಳಿ’ ಎಂಬ ಮಾತೇ.

ಈ ಆಟಕ್ಕೆ ರೈಲು ತಕ್ಕ ವಸ್ತು. ಡಿಲೋಚ್, ಸಿಮ್ಕಾಕ್ ಮತ್ತು ಮಕಾರಿ (2007) ಅವರ ಪ್ರಕಾರ ಸುಮಾರು ಮೂರನೆಯ ಒಂದು ಪಾಲು ಎಳೆಯ ಮಕ್ಕಳಲ್ಲಿ ಒಂದೇ ವಸ್ತುವಿನ ಬಗ್ಗೆ ಅತಿ ತೀವ್ರವಾದ ಆಸಕ್ತಿ ಕಾಣಿಸಿಕೊಳ್ಳುತ್ತದೆ. ಗಂಡುಮಕ್ಕಳಲ್ಲಿ ಇದು ಹೆಚ್ಚು. ಆ ಲೇಖನದ ಶೀರ್ಷಿಕೆಯಲ್ಲೇ ರೈಲು ಸೇರಿದೆ. ಇಂಥ ಮಗು ಒಂದೇ ಪುಸ್ತಕವನ್ನು ಮತ್ತೆ ಮತ್ತೆ ತಂದುಕೊಡುತ್ತದೆ. ಇದು ಹಿರಿಯರಿಗೆ ಬೇಸರ ತಂದರೂ ಭಾಷಾರ್ಜನೆಯ ದೃಷ್ಟಿಯಿಂದ ನಷ್ಟವೇನಲ್ಲ. ಹೊಸ ಪದವನ್ನು ಅಷ್ಟೇ ಸಲ ಕೇಳಿಸಿಕೊಂಡರೂ, ಬೇರೆ ಬೇರೆ ಕಥೆಗಳಲ್ಲಿ ಕೇಳಿದವರಿಗಿಂತ ಒಂದೇ ಕಥೆಯನ್ನು ಮರಳಿ ಕೇಳಿದ ಮೂರು ವರ್ಷದ ಮಕ್ಕಳು ಅದನ್ನು ಚೆನ್ನಾಗಿ ಕಲಿತರೆಂದು ಹಾರ್ಸ್ಟ್ ಮತ್ತು ಸಂಗಡಿಗರು (2011) ತೋರಿಸಿದ್ದಾರೆ.

ಇಲ್ಲಿ ನಮ್ಮ ಪ್ರಶ್ನೆ ಬೇರೆ. ಮರಳಿ ಮರಳಿ ಕೇಳಿಸುವ ಆ ಮಾತು ಯಾವ ವಾಕ್ಯರಚನೆಯದು? ಈ ಮೂರು ವಾಕ್ಯಗಳನ್ನು ಹೋಲಿಸಬಹುದು:

(1) ಇದು ರೈಲು.
(2) ರೈಲು ಬಂತು.
(3) ಬಂತು!

(1)ರಲ್ಲಿ ಎರಡು ನಾಮಪದಗಳಿವೆ, ಕ್ರಿಯಾಪದವಿಲ್ಲ. (3)ರಲ್ಲಿ ಕ್ರಿಯಾಪದವಿದೆ, ನಾಮಪದವಿಲ್ಲ. ಸಂದರ್ಭ ತಿಳಿದಿರುವಾಗ (2)ಕ್ಕಿಂತ (3) ಸಹಜ. ಇಂಗ್ಲಿಷಿನಲ್ಲಿ ಈ ಬಗೆಯ ಹಂಚಿಕೆಯಿಲ್ಲ. ಹೆಸರಿಸುವ ವಾಕ್ಯದಲ್ಲಿಯೂ ಅಲ್ಲಿ ಕ್ರಿಯಾಪದ ಇರಲೇಬೇಕು. ಘಟನೆಯನ್ನು ಹೇಳುವ ವಾಕ್ಯದಲ್ಲಿಯೂ ಕರ್ತೃಪದವನ್ನು ಬಿಡುವುದು ವಿರಳ. ಕನ್ನಡದಲ್ಲಿ ಹೆಸರಿಸುವಿಕೆ ಮತ್ತು ಘಟನಾಕಥನ ಎಂಬ ಎರಡು ಕೆಲಸಗಳು ವ್ಯಾಕರಣದ ಎರಡು ತುದಿಗಳಲ್ಲಿ ನಿಂತಿವೆ. ಹಿರಿಯರು ‘ಏನಿದು? – ಇದು ರೈಲು – ಹೌದು, ರೈಲು’ ಎಂಬ ಸುತ್ತಿನಲ್ಲೇ ಉಳಿದರೆ ಇಡೀ ಪುಸ್ತಕವು ಒಂದೂ ಪೂರ್ಣಕ್ರಿಯಾಪದವಿಲ್ಲದೆ ಮುಗಿದುಹೋಗಬಹುದು. ಇಂಗ್ಲಿಷಿನಿಂದ ಎರವಲು ತಂದ ಸಲಹೆಯು ಇಂಗ್ಲಿಷಿನಲ್ಲಿ ಉಂಟುಮಾಡದ ಕೊರತೆಯನ್ನು ಕನ್ನಡದಲ್ಲಿ ಉಂಟುಮಾಡಬಲ್ಲದು.

3. ಕನ್ನಡ ಒದಗಿಸುವ ಸಲಕರಣೆಗಳು

ಚಿತ್ರ ನಿಂತದ್ದು, ರೈಲು ಓಡುವಂಥದ್ದು. ಹೊಗೆಯ ಗೆರೆ, ಮಸುಕಾದ ಬಣ್ಣ, ಪುಟದ ಅಂಚಿನಲ್ಲಿ ಕತ್ತರಿಸಿದ ಡಬ್ಬಿ ಇವೆಲ್ಲ ಚಲನೆಯ ಸೂಚನೆಗಳು ಮಾತ್ರ. ಚಲನೆಯನ್ನು ತುಂಬಬೇಕಾದುದು ಮಾತು. ಹಣ್ಣು, ಪ್ರಾಣಿಗಳ ಚಿತ್ರಪುಸ್ತಕಗಳಿಗಿಂತ ರೈಲಿನ ಪುಸ್ತಕ ನಮಗೆ ಹೆಚ್ಚು ಉಪಯುಕ್ತವೆನಿಸುವುದು ಈ ಕಾರಣದಿಂದ.

3.1 ನ್ಯೂನಕ್ರಿಯೆಗಳ ಸರಣಿ

ಚಲನೆಯ ದಾರಿಯನ್ನು ಇಂಗ್ಲಿಷ್ ಸಾಮಾನ್ಯವಾಗಿ ಕ್ರಿಯಾಪದದ ಹೊರಗೆ, ಒಳಗೆ–ಮೇಲೆ–ಆಚೆ ಎಂಬರ್ಥದ ಕಿರುಪದಗಳಲ್ಲಿ ಹೇಳುತ್ತದೆ. ಕನ್ನಡವು ಅದನ್ನು ಬಹುಮಟ್ಟಿಗೆ ಕ್ರಿಯಾಧಾತುವಿನಲ್ಲೇ ಇರಿಸುತ್ತದೆ: ಹೊಗು, ದಾಟು, ಹಾಯು, ಇಳಿ, ಹತ್ತು, ಸುತ್ತು. ಟಾಲ್ಮಿ ಗುರುತಿಸಿದ ಈ ಭೇದವನ್ನು ಬರ್ಮನ್ ಮತ್ತು ಸ್ಲೋಬಿನ್ (1994) ಐದು ಭಾಷೆಗಳಲ್ಲಿ ಪರೀಕ್ಷಿಸಿದಾಗ ಬಳಸಿದ ಸಾಧನವೂ ಚಿತ್ರಪುಸ್ತಕವೇ: ಮರ್ಸರ್ ಮೇಯರ್ ಅವರ, ಕಪ್ಪೆಯನ್ನು ಹುಡುಕುವ ಹುಡುಗನ ಮಾತಿಲ್ಲದ ಪುಸ್ತಕ. ಅಂದರೆ ಚಿತ್ರಪುಸ್ತಕವು ನಾಮಪದಗಳ ಪಟ್ಟಿಗಷ್ಟೇ ಸೀಮಿತವಲ್ಲವೆಂಬುದು ಭಾಷಾವಿಜ್ಞಾನಿಗಳಿಗೆ ಹೊಸ ವಿಷಯವಲ್ಲ.

(4) ಗುಡ್ಡ ಸುತ್ತಿ, ಹೊಳೆ ದಾಟಿ, ಸುರಂಗ ಹೊಕ್ಕು, ಬಯಲಿಗೆ ಬಂತು.

ನಾಲ್ಕು ಚಿತ್ರಗಳ ಚಲನೆಯನ್ನು ಮೂರು ನ್ಯೂನಕ್ರಿಯೆಗಳೂ ಒಂದು ಪೂರ್ಣಕ್ರಿಯೆಯೂ ಹೊತ್ತಿವೆ. ಕಾಲ ಮತ್ತು ಕರ್ತೃವಿನ ಅನ್ವಯ ಬರುವುದು ಕಡೆಯ ಪದದಲ್ಲಿ ಮಾತ್ರ. ಪುಟ ತಿರುವುವ ಕ್ರಿಯೆಗೂ ಈ ರಚನೆಗೂ ಒಳ್ಳೆಯ ಹೊಂದಾಣಿಕೆಯಿದೆ: ‘ದಾಟಿ…’ ಎಂದು ನಿಲ್ಲಿಸಿ ಪುಟ ತಿರುವಿದರೆ ವಾಕ್ಯ ಮುಗಿದಿಲ್ಲವೆಂಬುದು ಮಗುವಿಗೆ ಕೇಳಿಸುತ್ತದೆ, ಮುಂದಿನ ಚಿತ್ರವೇ ಅದಕ್ಕೆ ಉತ್ತರ. ಡಬ್ಬಿಗೆ ಡಬ್ಬಿ ಕೂಡಿದ ರೈಲಿನಂತೆ ವಾಕ್ಯವೂ ಸಾಗುತ್ತದೆ. ಆದರೆ ಇಲ್ಲಿ ಇಂಜಿನ್ ಇರುವುದು ಕೊನೆಯಲ್ಲಿ.

ಸಂಯುಕ್ತ ಕ್ರಿಯಾಪದಗಳಿಗೂ ಇಲ್ಲಿ ಎಡೆಯಿದೆ. ಖಾಲಿಯಾದ ಪುಟಕ್ಕೆ ‘ಹೋಯ್ತು’ ಎಂಬುದೂ ಸಲ್ಲುತ್ತದೆ, ‘ಹೋಗ್ಬಿಡ್ತು’ ಎಂಬುದೂ ಸಲ್ಲುತ್ತದೆ. ಎರಡನೆಯದರಲ್ಲಿರುವ ‘ಬಿಡು’ ಕ್ರಿಯೆ ಪೂರ್ತಿಗೊಂಡಿತೆಂಬುದರ ಜೊತೆಗೆ ಹೇಳುವವರ ಅಚ್ಚರಿಯನ್ನೋ ಖೇದವನ್ನೋ ಸೂಚಿಸುತ್ತದೆ. ಇದನ್ನು ಯಾವ ವಸ್ತುವಿನ ಚಿತ್ರದತ್ತಲೂ ಬೆರಳು ಮಾಡಿ ತೋರಿಸಲಾಗದು.

3.2 ಪ್ರೇರಣಾರ್ಥಕ

(5) ರೈಲು ನಿಂತಿತು.
(6) ಡ್ರೈವರು ರೈಲು ನಿಲ್ಲಿಸಿದ.
(7) ನಿಲ್ಲಿಸಿದ.

ರೈಲಿನ ಜಗತ್ತು ಇಂಥ ಜೋಡಿಗಳಿಂದ ತುಂಬಿದೆ: ಓಡು–ಓಡಿಸು, ಇಳಿ–ಇಳಿಸು, ಹತ್ತು–ಹತ್ತಿಸು. ‘ರೈಲು ಬಿಟ್ಟಿತು’, ‘ರೈಲು ಬಿಟ್ಟರು’ ಎಂಬಲ್ಲಿ ಮಾತ್ರ ಧಾತುವಿನ ರೂಪ ಬದಲಾಗದೆ ಅನ್ವಯವೊಂದೇ ಭೇದವನ್ನು ತಿಳಿಸುತ್ತದೆ.

ಈ ವಿಷಯದಲ್ಲಿ ಕನ್ನಡ ಮಕ್ಕಳ ಬಗೆಗೇ ಪ್ರಸಿದ್ಧವಾದ ಪ್ರಯೋಗವೊಂದಿದೆ. ಲಿಡ್ಜ್, ಗ್ಲೈಟ್‌ಮನ್ ಮತ್ತು ಗ್ಲೈಟ್‌ಮನ್ (2003) ಕನ್ನಡವಾಡುವ ಎಳೆಯ ಮಕ್ಕಳಿಗೆ ವಾಕ್ಯಗಳನ್ನು ಕೇಳಿಸಿ, ಅವುಗಳ ಅರ್ಥವನ್ನು ಆಟಿಕೆಗಳಿಂದ ಆಡಿತೋರಿಸಲು ಹೇಳಿದರು. ಕನ್ನಡದಲ್ಲಿ -ಇಸು ಪ್ರತ್ಯಯವು ಪ್ರೇರಣೆಯ ಸ್ಪಷ್ಟ ಗುರುತು; ಪ್ರೌಢ ಭಾಷಿಕರು ಅದನ್ನೇ ನೆಚ್ಚುತ್ತಾರೆ. ಆದರೆ ಮಕ್ಕಳು ಪ್ರತ್ಯಯವನ್ನು ಬದಿಗಿಟ್ಟು ವಾಕ್ಯದಲ್ಲಿರುವ ನಾಮಪದಗಳ ಸಂಖ್ಯೆಯನ್ನು ಆಧರಿಸಿದರು: ಎರಡು ನಾಮಪದಗಳಿದ್ದರೆ ಒಬ್ಬರು ಇನ್ನೊಂದರಿಂದ ಏನನ್ನೋ ಮಾಡಿಸುತ್ತಿದ್ದಾರೆ ಎಂದು ಅರ್ಥೈಸಿದರು. ಕೇಳುವ ಮಾತಿನ ಪ್ರಭಾವಕ್ಕೆ ಮಿತಿಗಳಿವೆ, ಮಗು ತಾನೇ ತರುವ ನಿರೀಕ್ಷೆಗಳೂ ಇವೆ ಎಂಬ ವಾದಕ್ಕೆ ಈ ಫಲಿತಾಂಶವು ಆಧಾರವಾಯಿತು.

ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಮಕ್ಕಳು ನಾಮಪದಗಳನ್ನು ಎಣಿಸುತ್ತಾರಾದರೆ, ನಾಮಪದಗಳನ್ನು ಧಾರಾಳವಾಗಿ ಕೈಬಿಡುವ ದೈನಂದಿನ ಕನ್ನಡ ಅವರಿಗೆ ಎಷ್ಟು ನೆರವಾಗುತ್ತದೆ? (7)ರಲ್ಲಿ ಎಣಿಸಲು ಒಂದೂ ನಾಮಪದವಿಲ್ಲ. ನಿಲ್ಲಿಸಿದವರು ಯಾರು, ನಿಂತದ್ದು ಯಾವುದು ಎಂಬುದನ್ನು ಪ್ರತ್ಯಯ, ಅನ್ವಯ ಮತ್ತು ಸಂದರ್ಭಗಳಿಂದ ಊಹಿಸಬೇಕು. ಆದರೆ ಪುಸ್ತಕ ತೆರೆದಿರುವಾಗ ಡ್ರೈವರು ಇಂಜಿನ್ನಿನ ಕಿಟಕಿಯಲ್ಲಿ ಕಾಣುತ್ತಿದ್ದಾನೆ; ರೈಲು ಅವನ ಸುತ್ತಲೂ ಇದೆ. ವಾಕ್ಯ ಕೈಬಿಟ್ಟ ಎರಡು ನಾಮಪದಗಳನ್ನು ಪುಟವು ಹಿಡಿದಿಟ್ಟುಕೊಂಡಿದೆ. ಘಟನೆ ನಡೆದು ಮುಗಿಯುವ ನಿಜಜೀವನದಲ್ಲಿ ಈ ಆಧಾರ ಕ್ಷಣಿಕ. ಪುಟದಲ್ಲಿ ಅದು ಮಗು ಬಯಸಿದಷ್ಟು ಹೊತ್ತು ನಿಲ್ಲುತ್ತದೆ. -ಇಸು ಪ್ರತ್ಯಯದ ಅರ್ಥವನ್ನು ಗ್ರಹಿಸಲು ಸಹವಾಚನವು ವಿಶೇಷ ಅವಕಾಶ ನೀಡಬಹುದೆಂಬುದು ನಮ್ಮ ಊಹೆ. ‘ನಿಂತಿತು’, ‘ಯಾರು ನಿಲ್ಲಿಸಿದ್ರು?’ ಎಂಬ ಎರಡು ಮಾತುಗಳನ್ನು ಒಂದೇ ಚಿತ್ರದ ಮೇಲೆ ಒಂದರ ಹಿಂದೊಂದು ಆಡಿದಾಗ ಭೇದವು ಪ್ರತ್ಯಯದ ಮೇಲೆಯೇ ಬೀಳುತ್ತದೆ. ಇದು ಪರೀಕ್ಷಿಸಬಹುದಾದ ಊಹೆ.

3.3 ಅನುಕರಣ ಶಬ್ದ

ರೈಲಿನ ಪುಸ್ತಕವನ್ನು ಸದ್ದಿಲ್ಲದೆ ಓದುವವರು ಅಪರೂಪ. ಚುಕುಬುಕು, ಕೂ, ದಡದಡ, ಗಡಗಡ ಇವು ಮಗು ಮೊದಲು ಹೇಳಬಲ್ಲ ಪದಗಳೂ ಹೌದು. ಕನ್ನಡ ವ್ಯಾಕರಣ ಪರಂಪರೆಯು ಅನುಕರಣ ಶಬ್ದಗಳಿಗೆ ಅವ್ಯಯಗಳ ನಡುವೆ ನಿಶ್ಚಿತ ಸ್ಥಾನ ಕೊಟ್ಟಿದೆ. ಎಮಿನೊ (1969) ಅವುಗಳನ್ನು ಭಾರತದ ಭಾಷೆಗಳನ್ನು ಬೆಸೆಯುವ ಕ್ಷೇತ್ರಲಕ್ಷಣಗಳಲ್ಲಿ ಒಂದೆಂದು ಪರಿಗಣಿಸಿದರು. ಹೀಗಿದ್ದೂ ಸಹವಾಚನದ ಲಿಪ್ಯಂತರಗಳಲ್ಲಿ ಅವನ್ನು ‘ಸದ್ದು’ ಎಂಬ ಶೀರ್ಷಿಕೆಯಡಿ ತಳ್ಳಿ, ಪದಗಳ ಎಣಿಕೆಯಿಂದ ಹೊರಗಿಡುವ ಸಾಧ್ಯತೆ ಹೆಚ್ಚು. ಅದು ತಪ್ಪಾಗುತ್ತದೆ. ಕಾರಣ ಈ ವಾಕ್ಯಗಳಲ್ಲಿದೆ:

(8) ರೈಲು ‘ಕೂ’ ಅಂತು.
(9) ಅಮ್ಮ ‘ಬಾ’ ಅಂದಳು.
(10) ರೈಲು ದಡದಡ ಅಂತ ಹೋಯ್ತು.
(11) ರೈಲು ಬರುತ್ತೆ ಅಂತ ಅಜ್ಜಿ ಹೇಳಿದಳು.

(8) ಮತ್ತು (9)ರ ಚೌಕಟ್ಟು ಒಂದೇ. (10)ರ ‘ಅಂತ’ ಸದ್ದನ್ನು ಕ್ರಿಯೆಗೆ ಜೋಡಿಸುತ್ತದೆ. (11)ರ ‘ಅಂತ’ ಇಡೀ ವಾಕ್ಯವನ್ನೇ ಮತ್ತೊಂದು ವಾಕ್ಯದೊಳಗೆ ಅಡಕಗೊಳಿಸುತ್ತದೆ. ಹೀಗೆ, ವಾಕ್ಯದೊಳಗೆ ವಾಕ್ಯವನ್ನು ಇರಿಸುವ ಕನ್ನಡದ ಮುಖ್ಯ ಸಾಧನವು ಮಗುವಿನ ಕಿವಿಗೆ ಮೊದಲು ಬೀಳುವುದು ಪ್ರಾಯಶಃ ಇಂಥ ಸದ್ದುಗಳ ಜೊತೆಯಲ್ಲೇ. ಆ ಸದ್ದುಗಳನ್ನು ಎಣಿಕೆಯಿಂದ ತೆಗೆದರೆ ‘ಅಂತ’ದ ಆರಂಭಿಕ ಬಳಕೆಯೂ ಅವುಗಳೊಂದಿಗೆ ಹೋಗುತ್ತದೆ.

ಇನ್ನೊಂದು ಮಾತು: ‘ಚುಕುಬುಕು’ ಉಗಿ ಇಂಜಿನ್ನಿನ ಸದ್ದು. ಇಂದಿನ ಮಗು ನೋಡುವುದು ಡೀಸೆಲ್ ಅಥವಾ ವಿದ್ಯುತ್ ಇಂಜಿನ್ನನ್ನು. 2011ರಿಂದೀಚೆಗೆ ಬೆಂಗಳೂರಿನ ಮಗು ನಮ್ಮ ಮೆಟ್ರೊವನ್ನೂ ನೋಡುತ್ತದೆ. ಅವು ಯಾವುವೂ ಚುಕುಬುಕು ಎನ್ನುವುದಿಲ್ಲ. ಈ ಪದವನ್ನು ಮಗು ರೈಲಿನಿಂದ ಕಲಿಯುತ್ತಿಲ್ಲ, ಹಿರಿಯರ ಬಾಯಿಂದ ಕಲಿಯುತ್ತಿದೆ. ಅನುಕರಣವೆಂದು ಕರೆಯಲ್ಪಡುವ ಪದವೂ ಕಾಲಾಂತರದಲ್ಲಿ ಕೇವಲ ರೂಢಿಯ ಪದವಾಗುವುದಕ್ಕೆ ಇದಕ್ಕಿಂತ ಸರಳ ನಿದರ್ಶನ ಸಿಗಲಾರದು.

3.4 ಲಿಂಗಾನ್ವಯ

ಆಡ್ರಿ ಅವರ ‘ದ ತ್ರೀ ರೈಲ್ವೇ ಇಂಜಿನ್ಸ್’ (1945) ಪುಸ್ತಕದ ಇಂಜಿನ್‌ಗಳಿಗೆ ಮುಖಗಳಿವೆ, ಮನುಷ್ಯರ ಹೆಸರುಗಳಿವೆ, ಅವು ಗಂಡು. ‘ದ ಲಿಟ್ಲ್ ಇಂಜಿನ್ ದಟ್ ಕುಡ್’ (1930) ಪುಸ್ತಕದ ನೀಲಿ ಇಂಜಿನ್ ಹೆಣ್ಣು. ಇಂಗ್ಲಿಷಿನಲ್ಲಿ ಈ ನಿರ್ಧಾರ ಸರ್ವನಾಮದಲ್ಲಿ ಮಾತ್ರ ಕಾಣಿಸುತ್ತದೆ. ಕನ್ನಡದಲ್ಲಾದರೋ ಪ್ರತಿಯೊಂದು ಪೂರ್ಣಕ್ರಿಯಾಪದವೂ ಅದನ್ನು ಸಾರಬೇಕು: ಓಡುತ್ತದೆ, ಓಡುತ್ತಾನೆ, ಓಡುತ್ತಾಳೆ. ಇಂಗ್ಲಿಷ್ ಪುಸ್ತಕವನ್ನು ಹಿಡಿದು ಬಾಯಲ್ಲೇ ಕನ್ನಡಕ್ಕೆ ತಿರುಗಿಸುವ ತಂದೆತಾಯಿಯರು – ಪರದೇಶದಲ್ಲಿರುವ ಕನ್ನಡಿಗರು ಮಾತ್ರವಲ್ಲ, ಇಲ್ಲಿಯವರೂ – ಪ್ರತಿ ವಾಕ್ಯದಲ್ಲೂ ಈ ಆಯ್ಕೆಯನ್ನು ಮಾಡುತ್ತಾರೆ. ಮುಖವಿರುವ ಪುಟದಲ್ಲಿ ‘ಬಂದ’ ಎಂದವರು ದೂರದ ನೋಟದ ಪುಟದಲ್ಲಿ ‘ಬಂತು’ ಎಂದಾರು. ಯಾವ ಪುಟದಲ್ಲಿ ಅನ್ವಯ ಬದಲಾಗುತ್ತದೆ ಎಂಬುದು, ಕನ್ನಡದಲ್ಲಿ ವ್ಯಕ್ತಿತ್ವದ ಗೆರೆ ಎಲ್ಲಿದೆ ಎಂಬ ಪ್ರಶ್ನೆಗೆ ಒಳ್ಳೆಯ ಸಾಮಗ್ರಿ. ಕೇಳುತ್ತಿರುವ ಮಗುವೂ ವ್ಯಾಕರಣದಲ್ಲಿ ‘ಅದು’ ಎಂಬುದನ್ನು ಇಲ್ಲಿ ನೆನೆಯಬಹುದು: ಮಗು ಅಳುತ್ತದೆ, ರೈಲು ಓಡುತ್ತದೆ.

4. ಬರಹದ ವಾಕ್ಯ, ಮನೆಯ ಮಾತು

ಚಿತ್ರಪುಸ್ತಕದ ಪಠ್ಯವು ಮಗುವಿನೊಡನೆ ಆಡುವ ಮಾತಿಗಿಂತ ಭಿನ್ನವೆಂಬುದು ಇಂಗ್ಲಿಷಿನಲ್ಲೂ ಸ್ಥಾಪಿತವಾಗಿದೆ. ಅದರಲ್ಲಿ ಹೆಚ್ಚು ಬಗೆಯ ಪದಗಳಿವೆ (ಮಾಂಟಾಗ್ ಮತ್ತು ಸಂಗಡಿಗರು, 2015); ಸಂಕೀರ್ಣ ವಾಕ್ಯರಚನೆಗಳೂ ಹೆಚ್ಚು (ಕ್ಯಾಮರಾನ್-ಫಾಕ್ನರ್ ಮತ್ತು ನೋಬಲ್, 2013). ಕನ್ನಡದಲ್ಲಿ ಈ ಅಂತರವು ಪ್ರತ್ಯಯಗಳವರೆಗೂ ಇಳಿಯುತ್ತದೆ. ಬ್ರೈಟ್ ಅವರು 1958ರಲ್ಲಿ ಆಡುಗನ್ನಡಕ್ಕೆ ಪ್ರತ್ಯೇಕ ವಿವರಣೆಯನ್ನೇ ಬರೆಯಬೇಕಾಯಿತೆಂಬುದು ಈ ಅಂತರದ ಅಗಲವನ್ನು ಸೂಚಿಸುತ್ತದೆ.

(12) ರೈಲು ನಿಲ್ದಾಣಕ್ಕೆ ಬರುತ್ತದೆ. (ಬರಹ)
(13) ರೈಲು ಸ್ಟೇಷನ್‌ಗೆ ಬರತ್ತೆ. (ಮೈಸೂರು–ಬೆಂಗಳೂರು)
(14) ರೈಲು ಸ್ಟೇಷನ್ನಿಗೆ ಬರ್ತದೆ. (ಮಂಗಳೂರು ಕಡೆ)
(15) ರೈಲು ಸ್ಟೇಷನ್ನಿಗೆ ಬರ್ತೈತಿ. (ಧಾರವಾಡ ಕಡೆ)

ಓದುವವರ ಮುಂದೆ ಮೂರು ದಾರಿಗಳಿವೆ: (12)ನ್ನು ಇದ್ದಂತೆ ಓದುವುದು, ಅದನ್ನು ಮನೆಯ ಮಾತಿಗೆ ತಿರುಗಿಸಿ ಹೇಳುವುದು, ಮೊದಲು ಓದಿ ಅನಂತರ ಮನೆಯ ಮಾತಿನಲ್ಲಿ ಮತ್ತೆ ಹೇಳುವುದು. ‘ತಪ್ಪಿಲ್ಲದೆ ಓದಬೇಕು’ ಎಂಬ ಶಾಲೆಯ ಸಂಸ್ಕಾರದಿಂದ ಬಂದವರು ಮೊದಲನೆಯದನ್ನೇ ಸರಿಯೆಂದು ತಿಳಿದು, ತಮ್ಮ ಊರಿನ ಮಾತು ಪುಸ್ತಕಕ್ಕೆ ಸಲ್ಲದೆಂದು ಹಿಂಜರಿಯುವುದುಂಟು. ಅಕ್ಷರ ಬಾರದ ಅಜ್ಜಿ ಪುಸ್ತಕವನ್ನು ಮುಟ್ಟದೆಯೇ ಇರಬಹುದು. ಭಾಷಾರ್ಜನೆಯ ದೃಷ್ಟಿಯಿಂದ ಮೂರನೆಯ ದಾರಿ ಅತ್ಯಂತ ಸಮೃದ್ಧವಾದುದು: ಒಂದೇ ಚಿತ್ರ, ಒಂದೇ ಘಟನೆ, ಎರಡು ರೂಪಗಳು. ಬರತ್ತೆ–ಬರುತ್ತದೆ, ಸ್ಟೇಷನ್–ನಿಲ್ದಾಣ ಎಂಬ ಹೊಂದಾಣಿಕೆಯು ಶಾಲೆಗೆ ಹೋಗುವ ಮೊದಲೇ ಮಗುವಿಗೆ ಒದಗುತ್ತದೆ. ಎರಡನೆಯ ದಾರಿಯೂ ಕೊರತೆಯದಲ್ಲ. ಅಕ್ಷರವಿಲ್ಲದ ಅಜ್ಜಿ ಚಿತ್ರ ನೋಡಿ ಹೇಳುವ ಕಥೆಯಲ್ಲಿ 3ನೆಯ ಭಾಗದ ಎಲ್ಲ ಸಲಕರಣೆಗಳೂ ಇರಬಲ್ಲವು.

5. ಒಂದು ಆಕ್ಷೇಪ ಮತ್ತು ಕೆಲವು ಸೂಚನೆಗಳು

ನಮ್ಮ ವಾದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಕನ್ನಡದಂತೆಯೇ ಕ್ರಿಯಾಪದವನ್ನು ಕೊನೆಗಿರಿಸಿ ನಾಮಪದಗಳನ್ನು ಬಿಡಬಲ್ಲ ಕೊರಿಯನ್ ಭಾಷೆಯ ತಾಯಂದಿರು ಇಂಗ್ಲಿಷ್ ತಾಯಂದಿರಿಗಿಂತ ಹೆಚ್ಚು ಕ್ರಿಯಾಪದಗಳನ್ನು ಬಳಸುತ್ತಾರೆಂದು ಚೋಯ್ ಮತ್ತು ಗಾಪ್ನಿಕ್ (1995) ತೋರಿಸಿದರು. ಆದರೆ ಪುಸ್ತಕ ನೋಡುವ ಸಂದರ್ಭದಲ್ಲಿ ಕೊರಿಯನ್ನಿನಲ್ಲೂ (ಚೋಯ್, 2000) ಮ್ಯಾಂಡರಿನ್‌ನಲ್ಲೂ (ಟಾರ್ಡಿಫ್ ಮತ್ತು ಸಂಗಡಿಗರು, 1999) ನಾಮಪದಗಳು ಮೇಲುಗೈ ಪಡೆಯುತ್ತವೆ. ಹಾಗಾದರೆ ನಾಮಪದದ ಪ್ರಾಬಲ್ಯವು ಪುಸ್ತಕದ ಸಹಜಗುಣವೇ?

‘ಪುಸ್ತಕ ನೋಡುವುದು’ ಎಂಬುದು ಒಂದೇ ಸಂದರ್ಭವಲ್ಲವೆಂಬುದು ನಮ್ಮ ಉತ್ತರ. ಪುಟಕ್ಕೊಂದು ವಸ್ತುವಿರುವ ಪುಸ್ತಕ ‘ಏನಿದು?’ ಎಂಬುದನ್ನು ಬೇಡುತ್ತದೆ. ಘಟನೆಯಿರುವ ಪುಸ್ತಕ ‘ಏನಾಯ್ತು?’ ಎಂಬುದನ್ನು ಬೇಡುತ್ತದೆ. ಒಂದೇ ವಿಷಯ, ಒಂದೇ ಕುಟುಂಬ, ಎರಡು ಬಗೆಯ ಪುಸ್ತಕಗಳು ಎಂಬ ವಿನ್ಯಾಸದಿಂದ ಇದನ್ನು ಪರೀಕ್ಷಿಸಬಹುದು. ರೈಲಿನ ಭಾಗಗಳ ಪುಸ್ತಕ ಒಂದು, ರೈಲಿನ ಪಯಣದ ಪುಸ್ತಕ ಮತ್ತೊಂದು. ‘ಫ್ರೈಟ್ ಟ್ರೇನ್’ ಈ ಎರಡನ್ನೂ ಒಂದೇ ರಟ್ಟಿನೊಳಗೆ ಇರಿಸಿದೆ. ಮೊದಲರ್ಧ ಮತ್ತು ಎರಡನೆಯರ್ಧಗಳನ್ನು ಹೋಲಿಸಿದರೂ ಸಾಕು.

ಇಂಥ ಅಧ್ಯಯನಕ್ಕೆ ತೊಡಗುವ ಸಂಶೋಧನಾರ್ಥಿಗಳಿಗೆ ನಮ್ಮ ಸೂಚನೆಗಳು ನಾಲ್ಕು. ಪ್ರತಿ ಉಕ್ತಿಯಲ್ಲಿ ಕ್ರಿಯಾಪದವಿದೆಯೇ ಎಂಬುದನ್ನು ಮೊದಲು ಗುರುತಿಸಬೇಕು. ಬಿಟ್ಟುಹೋದ ನಾಮಪದದ ವಾಚ್ಯವು ಪುಟದಲ್ಲಿ ಕಾಣುತ್ತದೆಯೇ ಎಂಬುದನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಅನುಕರಣ ಶಬ್ದವನ್ನು ಪದವೆಂದೇ ಎಣಿಸಿ, ಅದರೊಡನೆ ‘ಅನ್ನು’ ಧಾತುವಿನ ರೂಪ ಬಂದಿದೆಯೇ ಎಂದು ನೋಡಬೇಕು. ಬರಹದ ರೂಪದಿಂದ ಆಡುಮಾತಿನ ರೂಪಕ್ಕೆ ದಾಟಿದ ಕಡೆಗಳನ್ನು ಪುಟಸಹಿತ ಗುರುತಿಸಬೇಕು. ಸಾಮಗ್ರಿಗೆ ಕೊರತೆಯಿಲ್ಲ: 2004ರಲ್ಲಿ ಆರಂಭವಾದ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಿಂದ ಸ್ಟೋರಿವೀವರ್ ವೇದಿಕೆಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಚಿತ್ರಪುಸ್ತಕಗಳನ್ನು ಮುಕ್ತವಾಗಿ ಒದಗಿಸುತ್ತಿದೆ.

6. ಸಮಾರೋಪ

ಇದು ವಿಧಾನದ ಚರ್ಚೆಯಷ್ಟೇ ಅಲ್ಲ. ‘ಎಷ್ಟು ವಸ್ತುಗಳನ್ನು ಹೆಸರಿಸುತ್ತದೆ’ ಎಂಬುದರಿಂದ ಮಗುವಿನ ಭಾಷೆಯನ್ನು ಅಳೆದರೆ, ರೈಲು ಕಂಡಾಗ ‘ಬಂತು’, ಮರೆಯಾದಾಗ ‘ಹೋಯ್ತು’, ಪುಟ ತಿರುವಬೇಕೆಂದಾಗ ‘ತಿರುಗ್ಸು’ ಎನ್ನುವ ಮಗು ಹಿಂದುಳಿದಂತೆ ಕಾಣಬಹುದು. ಆ ಮಗು ಕಾಲವನ್ನೂ ಅನ್ವಯವನ್ನೂ ಪ್ರೇರಣೆಯನ್ನೂ ಒಂದೊಂದೇ ಪದದಲ್ಲಿ ಹೊತ್ತಿದೆ ಎಂಬುದು ಅಂಥ ಅಳತೆಗೆ ಕಾಣಿಸುವುದಿಲ್ಲ. ಮನೆಯ ಮಾತಿನಲ್ಲಿ ಕಥೆ ಹೇಳುವ ಹಿರಿಯರೂ ‘ಓದಿಸದವರು’ ಎನಿಸಿಕೊಂಡಾರು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ ಅವರು ವಾದಿಸಿದರು. ಕನ್ನಡದ ಮಗುವಿನ ಮಾತನ್ನು ಅಳೆಯುವ ಕೋಲೂ ಕನ್ನಡದ ವಾಕ್ಯದಿಂದಲೇ ರೂಪುಗೊಳ್ಳಬೇಕು. ಹಾಗೆ ಅಳೆಯಹೊರಟವರು ‘ಏನಿದು?’ ಎಂದು ಕೇಳುವ ಮೊದಲ ಪುಟದಲ್ಲೇ ನಿಲ್ಲದೆ, ಹೊಗೆಯಷ್ಟೇ ಉಳಿದಿರುವ ಕೊನೆಯ ಪುಟದವರೆಗೂ ಮಗುವಿನ ಜೊತೆ ಹೋಗಬೇಕಾಗುತ್ತದೆ.